ಮಿಲಿಟರಿ ಡಬ್ಬಿಯಲ್ಲಿ ಹುಳಿಯನ್ನ

ಸೈನ್ಯದ ಪಾತ್ರೆಗಳ ಮೇಲೆ ಮೋಹ ಇರುವುದು ಸೈನ್ಯಕ್ಕೆ ಸೇರದವರಿಗೆ. ಸೇರಿದವರು ಪೆನ್ಷನ್ ಬಂದ ಮೇಲೆ ಮನೆಯಲ್ಲಿ ಸ್ಟೀಲ್ ತಟ್ಟೆ ಮುಂದಿಟ್ಟುಕೊಂಡು, ಸಾಲಿನಲ್ಲಿ ನಿಲ್ಲುವ ಕಾಟವಿಲ್ಲದೆ ಆರಾಮಾಗಿ ಕೂತು ಉಣ್ಣುತ್ತಾರೆ. ಆ ಚಪ್ಪಟೆ ಡಬ್ಬಿಯ ಮುಖ ಮತ್ತೆ ನೋಡುವುದಿಲ್ಲ. ಕಾಲೇಜಿನ ಎನ್‌ಸಿಸಿ ಪರೇಡಿನಲ್ಲಿ ತಲೆ ಸುತ್ತಿ ಬಿದ್ದು, ಅಲ್ಲಿಗೇ ಸೈನಿಕ ಜೀವನ ಮುಗಿಸಿದ ನಮ್ಮಂಥವರು ಮಾತ್ರ ಭಾನುವಾರ ಬೆಳಗ್ಗೆ ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ಹಳೆ ಸಾಮಾನಿನ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಒರಿಜಿನಲ್ಲೇನಪ್ಪಾ ಇದು?" ಎಂದು ಕೇಳುತ್ತೇವೆ.

ಒರಿಜಿನಲ್ ಅಲ್ಲದ್ದು ಅಲ್ಲಿ ಯಾವುದೂ ಇಲ್ಲ. ಮಾರುವವನ ಪ್ರಕಾರ ಸಮಸ್ತವೂ "ವರ್ಲ್ಡ್ ವಾರ್ ಮಾಲ್ ಸಾರ್." ಯಾವ ವಾರ್ ಎಂದು ವಿಚಾರಿಸಿದೆ. "ನಿಮಗೆ ಯಾವುದು ಬೇಕು?" ಎಂದ.

ಗುರುತು ಹಿಡಿಯಲು ಬಾಣ ನೋಡಬೇಕು. ಬ್ರಿಟಿಷರು ಸರ್ಕಾರಿ ಸ್ವತ್ತಿನ ಮೇಲೆಲ್ಲ ಮೂರು ಗೆರೆಯ ಒಂದು ಬಾಣ ಒತ್ತುತ್ತಿದ್ದರು. ಅದೇ ವಸ್ತುವನ್ನು ಸೇವೆಯಿಂದ ತೆಗೆದು ಹೊರಗೆ ಮಾರುವಾಗ ಎದುರಿನಿಂದ ಇನ್ನೊಂದು ಬಾಣ ಒತ್ತುವುದು, ಎರಡರ ಮೂತಿಗೆ ಮೂತಿ ತಾಗುವ ಹಾಗೆ. ಅಲ್ಲಿಗೆ ಅದು ರಿಟೈರಾಯಿತು ಎಂದರ್ಥ. ಮನುಷ್ಯರಿಗಾದರೆ ಒಂದು ಶಾಲು, ಒಂದು ಹಾರ, ನಾಲ್ಕು ಭಾಷಣ ಬೇಕು. ಡಬ್ಬಿಗೆ ಒಂದು ಏಟಿನಲ್ಲಿ ಮುಗಿಯುತ್ತದೆ.

ನಾನು ತಂದದ್ದು 1937ರ ಬ್ರಿಟಿಷ್ ಮಾದರಿಯ ಮೆಸ್ ಟಿನ್. ಒಂದರೊಳಗೊಂದು ಕೂರುವ ಎರಡು ಆಯತಾಕಾರದ ಅಲ್ಯೂಮಿನಿಯಂ ಡಬ್ಬಿಗಳು, ಎರಡಕ್ಕೂ ಮಡಚುವ ತಂತಿಯ ಹಿಡಿ, ದುಂಡಗಿನ ಮೂಲೆಗಳು. ಬೆನ್ನುಚೀಲದಲ್ಲಿಟ್ಟುಕೊಂಡು ನಡೆದರೆ ಹೆಜ್ಜೆಗೊಮ್ಮೆ ಟಣ್ಣೆನ್ನುತ್ತದೆ. ನಡುವೆ ಒಂದು ಪಂಚೆ ತುರುಕಿದರೆ ಸುಮ್ಮನಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಅಲ್ಯೂಮಿನಿಯಂ ವಿಮಾನಗಳಿಗೆ ಬೇಕಾಗಿ, ಇವೇ ಡಬ್ಬಿಗಳನ್ನು ಉಕ್ಕಿನ ತಗಡಿನಲ್ಲಿ ಮಾಡಿ ತವರದ ಲೇಪ ಕೊಟ್ಟರು. ತವರ 232 ಡಿಗ್ರಿಗೇ ಕರಗುತ್ತದೆ. ಖಾಲಿ ಡಬ್ಬಿಯನ್ನು ಬೆಂಕಿಯ ಮೇಲಿಟ್ಟು ಮರೆತರೆ ಲೇಪ ಹೋದ ಹಾಗೇ. ಈಯದ ಚೊಂಬಿನಲ್ಲಿ ಸಾರು ಕುದಿಸಿದ ನಮ್ಮ ಅಜ್ಜಿಗೆ ಇದನ್ನು ಯಾವ ದಳಪತಿಯೂ ಹೇಳಿಕೊಡಬೇಕಾಗಿರಲಿಲ್ಲ.

ಡಬ್ಬಿಯನ್ನು ದೊಡ್ಡಪ್ಪನಿಗೆ ತೋರಿಸಿದೆ. ಅವರು ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರರಾಗಿದ್ದವರು. ಹಲಸೂರು ಕೆರೆಯ ಪಕ್ಕದ ಎಂಇಜಿ ಸೆಂಟರಿನಲ್ಲಿ ಕವಾಯತು ಕಲಿತು, ಹಿಮ ಬೀಳುವ ಕಡೆಗಳಲ್ಲೆಲ್ಲ ಸೇತುವೆ ಕಟ್ಟಿ ಬಂದವರು. ಡಬ್ಬಿಯನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ.

"ಎಷ್ಟು ಕೊಟ್ಟೆ?"

ಹೇಳಿದೆ.

"ಕಿಟ್ ಇನ್‌ಸ್ಪೆಕ್ಷನ್‌ನಲ್ಲಿ ಇದು ಕಾಣಿಸಲಿಲ್ಲ ಅಂದ್ರೆ ನಮ್ಗೆ ಸಂಬಳದಲ್ಲಿ ಹಿಡೀತಿದ್ರು ಕಣೋ. ನೀನು ಸಂಬಳ ಕೊಟ್ಟು ತಂದಿದೀಯ!"

ಆಮೇಲೆ ಇನ್ನೊಂದು ಮಾತು ಹೇಳಿದರು. ಕ್ಯಾಂಪಿನಲ್ಲಿ ಈ ಡಬ್ಬಿ ಅಡುಗೆ ಮಾಡುವುದಕ್ಕಲ್ಲ, ಒಡ್ಡುವುದಕ್ಕೆ. ಪಲ್ಟನ್ನಿನ ಅಡುಗೆಮನೆಗೆ ಲಂಗರ್ ಎನ್ನುತ್ತಾರೆ. ಅಲ್ಲಿ ಸಾಲಿನಲ್ಲಿ ನಿಂತು ಒಡ್ಡಿದರೆ ಸಣ್ಣದಕ್ಕೆ ದಾಲ್, ದೊಡ್ಡದಕ್ಕೆ ಅನ್ನ ಬೀಳುತ್ತದೆ. ಒಂಟಿಯಾಗಿ ಬೆಂಕಿ ಹಚ್ಚಿ ಬೇಯಿಸಿಕೊಳ್ಳಬೇಕಾಗಿ ಬಂದರೆ ಅಂದಿನ ಏರ್ಪಾಡು ಎಲ್ಲೋ ಕೆಟ್ಟಿದೆ ಎಂದೇ ಲೆಕ್ಕ. ನಾವು ನಾಗರಿಕರು ಆ ಕೆಟ್ಟ ದಿನವನ್ನೇ ಶನಿವಾರ, ಭಾನುವಾರ ರಜೆ ನೋಡಿಕೊಂಡು ಮಾಡಲು ಹೊರಡುತ್ತೇವೆ.

ಅದಕ್ಕೂ ಅರಣ್ಯ ಇಲಾಖೆ ಬಿಡಬೇಕಲ್ಲ. ಕುಮಾರಪರ್ವತದ ಕಾಡಿನಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ, ಹಚ್ಚಲೂ ಬಾರದು. ಹಾಗಾಗಿ ನಮ್ಮ ಯುದ್ಧಾಭ್ಯಾಸವೆಲ್ಲ ಸಕಲೇಶಪುರದ ಕಡೆ ಗೆಳೆಯನ ಕಾಫಿ ತೋಟದ ಅಂಗಳದಲ್ಲಿ. ಮನೆಯೊಳಗೆ ಗ್ಯಾಸ್ ಒಲೆ ಇರುತ್ತದೆ, ಗೆಳೆಯನ ಅಮ್ಮ ಅಕ್ಕಿರೊಟ್ಟಿ ತಟ್ಟುತ್ತಿರುತ್ತಾರೆ, ನಾವು ಹೊರಗೆ ಹೊಗೆ ಕುಡಿಯುತ್ತಿರುತ್ತೇವೆ.

ಆಯತದ ಪಾತ್ರೆಯಲ್ಲಿ ಅನ್ನ ಮಾಡಿ ನೋಡಿದವರಿಗೆ ಗೊತ್ತು, ನಮ್ಮ ಹಿರಿಯರು ತಪ್ಪಲೆಯನ್ನು ಯಾಕೆ ದುಂಡಗೆ ಮಾಡಿದರೆಂದು. ನಡುವಿನ ಅನ್ನ ಸೀದಿರುತ್ತದೆ, ಮೂಲೆಯ ಅಕ್ಕಿ ಇನ್ನೂ ಅಕ್ಕಿಯಾಗಿಯೇ ಇರುತ್ತದೆ, ಸೌಟು ಎರಡಕ್ಕೂ ತಲುಪುವುದಿಲ್ಲ. ಹುಳಿಯನ್ನವಂತೂ ಬೇರೆಯೇ ಕಥೆ. ಹುಣಸೆರಸಕ್ಕೂ ಅಲ್ಯೂಮಿನಿಯಂಗೂ ಆಗಿಬರುವುದಿಲ್ಲ. ಹುಳಿ ಕುದಿಯುತ್ತಿದ್ದಂತೆ ಲೋಹದ ಮೇಲಿನ ಆಕ್ಸೈಡಿನ ತೆಳುಪದರ ಕಿತ್ತು ಬರುತ್ತದೆ, ನಾಲಿಗೆಗೆ ನಾಣ್ಯ ನೆಕ್ಕಿದ ರುಚಿ ಹತ್ತುತ್ತದೆ. ಊಟ ಮುಗಿಸಿ ನೋಡಿದರೆ ಕಪ್ಪಗಿದ್ದ ಡಬ್ಬಿಯ ಒಳಗು, ಹುಳಿ ಮುಟ್ಟಿದ ಮಟ್ಟದವರೆಗೆ ಗೆರೆ ಎಳೆದ ಹಾಗೆ, ಬೆಳ್ಳಗೆ ಫಳಫಳ ಹೊಳೆಯುತ್ತಿತ್ತು. ಅಲ್ಲಿದ್ದ ಕಪ್ಪು ಎಲ್ಲಿಗೆ ಹೋಯಿತು ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಎಲ್ಲರೂ ಒಮ್ಮೆ ಹೊಟ್ಟೆ ಮುಟ್ಟಿ ನೋಡಿಕೊಂಡರು.

ಸೌದೆ ಒದ್ದೆಯಾದರೆ ಇರಲಿ ಎಂದು ಗುಂಪಿನಲ್ಲೊಬ್ಬ ಹೆಕ್ಸಮೈನ್ ಬಿಲ್ಲೆ ತಂದಿದ್ದ. ಜರ್ಮನಿಯಲ್ಲಿ 1936ರಲ್ಲಿ ಎಸ್‌ಬಿಟ್ ಎಂಬ ಹೆಸರಿನಲ್ಲಿ ಬಂದ ಬಿಳಿ ಇಂಧನ, ಅಂಗೈಯಗಲದ ಮಡಚುವ ಒಲೆ. ಹೊಗೆ ಕಡಿಮೆ, ಮೀನಿನ ಹಾಗೆ ನಾತ ಮಾತ್ರ ಧಾರಾಳ. ತಂದವನು ಈರುಳ್ಳಿಯನ್ನೂ ಮುಟ್ಟದ ಮಡಿವಂತ. ತನ್ನ ಉಪ್ಪಿಟ್ಟಿನಿಂದ ಮಾರುದೂರ ನಿಂತು ಅದನ್ನು ಬೇಯಿಸಿದ.

ಮಸಿ ತೊಳೆಯುವುದಕ್ಕೆ ಕ್ಯಾಂಪಿಂಗ್ ಪಂಡಿತರ ಬಳಿ ಒಂದು ಗುಟ್ಟಿದೆ: ಒಲೆಗಿಡುವ ಮೊದಲೇ ತಳಕ್ಕೆ ಸೋಪು ಬಳಿಯುವುದು. ನಾನು ದೊಡ್ಡ ಪಾಂಡಿತ್ಯದಿಂದ ಬಳಿಯುತ್ತಿದ್ದೆ. ಗೆಳೆಯನ ಅಮ್ಮ ಬಾಗಿಲಲ್ಲಿ ನಿಂತು, "ನಮ್ಮನೇಲಿ ಬೂದಿ ಕಲಸಿ ಬಳೀತಿದ್ವಿ, ದುಡ್ಡು ಬೀಳ್ತಿರ್ಲಿಲ್ಲ" ಎಂದು ಒಳಗೆ ಹೋದರು.

ನೀರಿನ ಬಾಟಲಿಗಳದ್ದು ಅಷ್ಟು ರಗಳೆಯಿಲ್ಲ. ಬ್ರಿಟಿಷರ 1908ರ ಮಾದರಿಯದಕ್ಕೆ ಎನಾಮಲ್ ಮೈ, ಅದರ ಮೇಲೆ ಖಾಕಿ ಉಣ್ಣೆಯ ಅಂಗಿ. ಅಂಗಿಯನ್ನು ನೆನೆಸಿದರೆ ನೀರು ಆರುತ್ತ ಒಳಗಿನದನ್ನು ತಂಪು ಮಾಡುತ್ತದೆ. ಏಪ್ರಿಲ್ ಬಿಸಿಲಲ್ಲಿ ಸಾವನದುರ್ಗ ಹತ್ತುವಾಗ ಇದು ನಿಜಕ್ಕೂ ಕೆಲಸ ಮಾಡುತ್ತದೆ. ಮಳೆಗಾಲದ ಕೊಡಚಾದ್ರಿಯಲ್ಲಿ ಆರುವ ಮಾತೇ ಇಲ್ಲ, ಸೊಂಟಕ್ಕೆ ಒದ್ದೆ ಕಂಬಳಿ ಕಟ್ಟಿಕೊಂಡು ನಡೆಯುವುದಷ್ಟೆ. ಅಮೆರಿಕದ 1910ರ ಮಾದರಿ ಇನ್ನೂ ಜಾಣತನದ್ದು. ಬಾಟಲಿಯ ಬುಡಕ್ಕೇ ಹೊಂದಿಕೊಳ್ಳುವ ಲೋಟ, ಅದಕ್ಕೂ ಮಡಚುವ ಹಿಡಿ. ಆದರೆ ಹಳೆಯ ಅಲ್ಯೂಮಿನಿಯಂ ಲೋಟದ ಅಂಚು ಎಂಥ ಕಿಲಾಡಿಯೆಂದರೆ, ಒಳಗಿನ ಕಾಫಿ ತಣ್ಣಗಾದ ಮೇಲೂ ತುಟಿ ಸುಡುತ್ತದೆ. ಎತ್ತಿ ಕುಡಿಯುವ ನಮ್ಮ ಜನಕ್ಕೆ ಮಾತ್ರ ಅದರಿಂದ ಏನೂ ಬಾಧೆಯಿಲ್ಲ. ಆ ಅಮೆರಿಕನ್ನರಿಗೆ ಯಾರಾದರೂ ಹೇಳಿಕೊಡಬಹುದಿತ್ತು.

ಮೆಸ್ ಟಿನ್ ಈಗ ನನ್ನ ಹೆಂಡತಿಯ ವಶದಲ್ಲಿದೆ. ದೀಪಾವಳಿಗೆ ಅವಳು ಅದಕ್ಕೆ ತುಪ್ಪ ಸವರಿ ಮೈಸೂರುಪಾಕ್ ಹೊಯ್ದಳು. ಆಳವಾದ ಡಬ್ಬಿಯಲ್ಲಿ ಬಿಸಿ ಒಳಗೇ ಕೂತು, ನಡುವಿನ ಪದರ ಕಂದಾಗಿ ಗೂಡುಗೂಡಾಗಿ ಬಂತು. ಅಂಗಡಿಯವರೂ ಕೇಳಿ ಕಲಿಯಬೇಕಾದ ಹದ. ಕತ್ತರಿಸುವುದಕ್ಕೂ ಆಯತವೇ ಸರಿ. ದೊಡ್ಡಪ್ಪನ ಮುಂದೆ ಡಬ್ಬಿ ಸಮೇತ ಇಟ್ಟೆ. ಪಕ್ಕದ ಎರಡು ಬಾಣಗಳ ಮೇಲೆ ಒಮ್ಮೆ ಬೆರಳಾಡಿಸಿ, ಎರಡು ತುಂಡು ಎತ್ತಿಕೊಂಡರು. ಮೂರನೆಯದಕ್ಕೆ ಕೈ ಹಾಕುವಾಗ ಬಾಯಿಬಿಟ್ಟರು:

"ಲಂಗರ್‌ನಲ್ಲಿ ಇದನ್ನ ಹಾಕಿದ್ದಿದ್ರೆ ಇನ್ನೂ ಐದು ವರ್ಷ ಸರ್ವಿಸ್ ಮಾಡ್ತಿದ್ದೆ."