ಬಳಕೆದಾರರ ಕೈಪಿಡಿ: ‘ಇನ್‌ಫ್ಲೇಮೆಬಲ್’

ಅಭಿನಂದನೆಗಳು. ಈ ಪದ ಈಗ ನಿಮ್ಮದು. ನೀವು ಕೇಳಿರಲಿಕ್ಕಿಲ್ಲ, ಆದರೂ ಕುಷ್ಟಗಿ ಮೇಲೆ ಹಾಯುವ 50ನೇ ನಂಬರಿನ ಹೆದ್ದಾರಿಯಲ್ಲಿ ಪೆಟ್ರೋಲ್ ಟ್ಯಾಂಕರುಗಳ ಬೆನ್ನೇರಿ ಪುಕ್ಕಟೆ ಬರುತ್ತದೆ. ಕೊಪ್ಪಳ, ಗಂಗಾವತಿ, ಯಲಬುರ್ಗಾದ ಗ್ರಾಹಕರಿಗೂ ಇದೇ ಕೈಪಿಡಿ. ಓದುವಾಗ ಬೀಡಿ ಬೇಡ.

ಬಿಚ್ಚುವ ವಿಧಾನ

ಪದವನ್ನು ಮುಂದಿನಿಂದ ಬಿಚ್ಚಬೇಡಿ. ಬಿಚ್ಚಿದರೆ ‘ಇನ್’ ಕಳಚಿ ಕೈಗೆ ಬರುತ್ತದೆ, ‘ಇನ್’ ಅಂದರೆ ‘ಇಲ್ಲ’ ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು ನೆನಪಾಗುತ್ತದೆ. ಇದು ಆ ‘ಇನ್’ ಅಲ್ಲ. ಲ್ಯಾಟಿನ್ ಭಾಷೆಯಲ್ಲಿ ‘ಒಳಗೆ’ ಎನ್ನುವ ಇನ್ನೊಂದು ‘ಇನ್’ ಉಂಟು. ‘ಇನ್‌ಫ್ಲಮ್ಮಾರೆ’ ಅಂದರೆ ಉರಿ ಹಚ್ಚು. ಆದ್ದರಿಂದ ಫ್ಲೇಮೆಬಲ್ ಅಂದರೂ ಬೆಂಕಿ ಹತ್ತುತ್ತದೆ, ಇನ್‌ಫ್ಲೇಮೆಬಲ್ ಅಂದರೂ ಬೆಂಕಿ ಹತ್ತುತ್ತದೆ. ಇಂಗ್ಲಿಷನ್ನು ಬೈಯುವ ಮುಂಚೆ ‘ಅಮೂಲ್ಯ’ವನ್ನೊಮ್ಮೆ ನೋಡಿ. ‘ಅ’ ಅಂದರೆ ‘ಇಲ್ಲ’ ಅಂತ ಅದನ್ನು ಯಾರೂ ಹಳೇ ಕಬ್ಬಿಣದ ಬೆಲೆಗೆ ಮಾರುವುದಿಲ್ಲ.

ತಪ್ಪು ಬಳಕೆ

ಹೆದ್ದಾರಿ ಪಕ್ಕದ ಚಹಾದಂಗಡಿಯಲ್ಲಿ ಕಂಡದ್ದು. ಟ್ಯಾಂಕರ್ ನಿಂತಿತ್ತು. ಅದರ ಹಿಂದೆಯೇ ಒಬ್ಬ ಹಿರಿಯರು ಬೀಡಿ ತುಟಿಗಿಟ್ಟು, ಕಡ್ಡಿಪೆಟ್ಟಿಗೆ ತೆಗೆದು, ಟ್ಯಾಂಕರಿನ ಮೇಲಿನ ‘ಹೈಲಿ ಇನ್‌ಫ್ಲೇಮೆಬಲ್’ ಎಂಬ ಕೆಂಪಕ್ಷರ ನೋಡಿ ತಡೆದರು. ಹತ್ತನೇತ್ತೆಯ ಹುಡುಗ ಧೈರ್ಯ ಹೇಳಿದ: “ಅಂಜಬ್ಯಾಡ್ರಿ ಕಾಕಾ. ಹೈಲಿ ಅಂದ್ರ ಭಾಳ. ಇನ್ ಅಂದ್ರ ಇಲ್ಲ. ಭಾಳಂದ್ರ ಭಾಳ ಬೆಂಕಿ ಹತ್ತಂಗಿಲ್ಲ ಅಂತ ಬರದಾರ.” ಕ್ಲೀನರ್ ಚಹಾದ ಕಪ್ಪು ಅಲ್ಲೇ ಬಿಟ್ಟು ಓಡಿ ಬಂದ. “ಹತ್ತತೈತೋ ಮಾರಾಯಾ! ಯಜಮಾನ್ರ, ಆ ಕಡಿ ಹೋಗ್ರಿ ಮೊದಲ!”

ಹುಡುಗನ ವ್ಯಾಕರಣದಲ್ಲಿ ನನಗಂತೂ ತಪ್ಪು ಕಾಣಲಿಲ್ಲ. ತಪ್ಪಿದ್ದದ್ದು ಪೆಟ್ರೋಲಿನಲ್ಲಿ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹತ್ತುವಷ್ಟು ಆವಿ ಬಿಡುವ ಸರಕು ಅದು. ನಮ್ಮ ಕಡೆಯ ಬ್ಯಾಸಿಗಿ ಸೊನ್ನೆಗಿಂತ 40 ಮೇಲೆ.

ತಯಾರಕರ ದುರಸ್ತಿ

ಗೊಂದಲ ಇಂಗ್ಲಿಷ್ ಮಾತಾಡುವವರಿಗೂ ಗೊತ್ತಾಗಿದೆ. 1920ರ ದಶಕದಲ್ಲೇ ಅಮೆರಿಕದ ಬೆಂಕಿ ಸುರಕ್ಷತಾ ಸಂಘದವರು ‘ಇನ್’ ತೆಗೆದ ಪದವನ್ನೇ ಬಳಸಿ ಎಂದರು. 1959ರಲ್ಲಿ ಬ್ರಿಟಿಷ್ ಮಾನಕ ಸಂಸ್ಥೆಯೂ ಹಾಗೇ ಹೇಳಿತು. ನಮ್ಮಲ್ಲಿ 1952ರ ಒಂದು ಕಾಯ್ದೆಯ ಹೆಸರಲ್ಲೇ ಹಳೇ ಪದ ಕೂತಿದೆ. ಅಕ್ಷರದ ತಂಟೆ ಬೇಡವೆನ್ನುವವರು ಟ್ಯಾಂಕರಿನ ಮೇಲಿನ ಕೆಂಪು ಚೌಕ ನೋಡಬಹುದು: ಮೂಲೆ ಮೇಲಾಗಿ ನಿಂತದ್ದು, ಒಳಗೆ ಜ್ವಾಲೆ, ತಳದಲ್ಲಿ 3. ಪಕ್ಕದಲ್ಲಿ 1203 ಇದ್ದರೆ ಪೆಟ್ರೋಲ್.

ಎಚ್ಚರಿಕೆ: ‘ಖಾಲಿ’ ಎಂಬ ಪದಕ್ಕೂ ಇದೇ ಕಾಯಿಲೆ

ಬೆಂಜಮಿನ್ ಲೀ ವೋರ್ಫ್ ಎಂಬ ಭಾಷಾಪಂಡಿತ ಹೊಟ್ಟೆಪಾಡಿಗೆ ಬೆಂಕಿ ವಿಮೆ ಕಂಪನಿಯಲ್ಲಿದ್ದ. ತುಂಬಿದ ಪೆಟ್ರೋಲ್ ಡ್ರಮ್ಮಿನ ಹತ್ತಿರ ಹುಷಾರಾಗಿರುವವರು ಖಾಲಿ ಡ್ರಮ್ಮಿನ ಹತ್ತಿರ ಸಿಗರೇಟು ಹಚ್ಚುತ್ತಾರೆ, ಅಪಾಯ ಹೆಚ್ಚಿರುವುದು ಆವಿ ತುಂಬಿದ ಖಾಲಿಯಲ್ಲೇ ಎಂದು ಅವನು ಬರೆದದ್ದು 1941ರಲ್ಲಿ ಅಚ್ಚಾಯಿತು. ನೀರು ತುಂಬಿಡಲು ಹಳೇ ಬ್ಯಾರಲ್ ಕೊಂಡು, ಬಾಯಿ ಕತ್ತರಿಸಿ ಕೊಡಿ ಎಂದು ವೆಲ್ಡಿಂಗ್ ಅಂಗಡಿಗೆ ಉರುಳಿಸಿಕೊಂಡು ಹೋಗುವ ಯಲಬುರ್ಗಾ ಸೀಮೆಯವರು ಈ ಪುಟಕ್ಕೆ ಗುರುತು ಹಾಕಿಕೊಳ್ಳಿ.

ಬದಲಿ ಬಿಡಿಭಾಗ

ಪದ ಪೂರ್ತಿ ಕೆಟ್ಟರೆ ‘ಹತ್ತು’ ಬಳಸಿ. ಬಸ್ಸು ಹತ್ತುತ್ತೇವೆ, ನಿದ್ದಿ ಹತ್ತುತ್ತದೆ, ಹುಚ್ಚು ಹತ್ತುತ್ತದೆ, ಬೆಂಕಿಯೂ ಹತ್ತುತ್ತದೆ. ಇಲ್ಲವೆಂದರೆ ‘ಹತ್ತಂಗಿಲ್ಲ’, ಇಲ್ಲ ಅನ್ನುವುದನ್ನು ನಾವು ಹಿಂದೆ ಜೋಡಿಸುವವರು, ಕಳಚಿ ಬೀಳುವ ಭಯವಿಲ್ಲ. ‘ದಹನಶೀಲ’ವೂ ದೊರೆಯುತ್ತದೆ, ಆದರೆ ಅದನ್ನು ಕೂಗಿ ಹೇಳುವಷ್ಟರಲ್ಲಿ ಅರ್ಧ ಬಣವಿ ಹೋಗಿರುತ್ತದೆ.

ಬಣವಿ ಅಂದೆನಲ್ಲ. ಗಂಗಾವತಿ ಕಡೆ ಭತ್ತದ ಹುಲ್ಲು, ಕುಷ್ಟಗಿ ಕಡೆ ಜೋಳದ ಕಣಕಿ. ಅದರ ಬೆನ್ನ ಮೇಲೆ ಯಾರೂ ಏನೂ ಬರೆಸಿರುವುದಿಲ್ಲ. ಮೇವು ಹೇರಿದ ಟ್ರ್ಯಾಕ್ಟರ್ ಜೋತ ಕರೆಂಟ್ ತಂತಿಯತ್ತ ಹೊರಟರೆ ಒಬ್ಬರು ಮುಂದೆ ದೂರದಲ್ಲಿ ನಡೆಯಬೇಕು, ಕಣ್ಣು ಮೇಲೆ, ಕೈ ಎತ್ತಿ: “ಬರ್ಲಿ... ಬರ್ಲಿ... ಏ, ತಡೀ!”