ಸಣ್ಣ ಸಾಹುಕಾರರ ಕಾರು

ಸೇಡಂ, ಚಿತ್ತಾಪುರ, ಶಹಾಬಾದಗಳ ನೆಲದಡಿಯಿಂದೆದ್ದ ಪರಸಿಕಲ್ಲು ದೇಶದ ಎಷ್ಟೋ ಪಡಸಾಲೆಗಳನ್ನು ಸಮತಟ್ಟುಗೊಳಿಸಿರುವುದು ಸರ್ವವಿದಿತ. ಆ ಕಲ್ಲನ್ನು ಮಾರಿ ಗಳಿಸಿದ ತಂದೆಯ ಸಂಪತ್ತಿನಿಂದ, ಸಮತಟ್ಟಾದ ನೆಲವಿಲ್ಲದೆ ಒಂದು ಮಾರೂ ಚಲಿಸಲೊಲ್ಲದ ವಾಹನವನ್ನು ಕೊಂಡು ತಂದವರು ಆಡಕಿಯ ನಮ್ಮ ಸಣ್ಣ ಸಾಹುಕಾರರು. ವಾಡಿಯಿಂದ ಚಿಂಚೋಳಿಯವರೆಗೆ ಹಣವಿದ್ದ ತರುಣರು ಹೀಗೆಯೇ ಕೊಳ್ಳುವರು, ಇಲ್ಲದವರು ಹೀಗೆಯೇ ಕೊಳ್ಳಬೇಕೆಂದು ಹಂಬಲಿಸುವರು.

ಆ ವಾಹನವು ಪೋರ್ಷೆ 911. 1963ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಅವತರಿಸಿದ ಈ ಜರ್ಮನ್ ವಂಶದ ಕುಲಾಚಾರವೆಂದರೆ ಇಂಜಿನ್ನು ಹಿಂದೆ, ಸಾಮಾನಿನ ಪೆಟ್ಟಿಗೆ ಮುಂದೆ. ಮೊದಲ ದಿನ ಮುಂದಣ ಮುಚ್ಚಳವೆತ್ತಿದಾಗ ಮುತ್ಯಾ ಒಬ್ಬರು ಇಣುಕಿ, "ಯಪ್ಪಾ, ಇಂಜಿನ್ನೇ ಇಲ್ಲಲ್ಲೋ! ತಗೋಳಾಗ ತೆರೆದು ನೋಡಿಲ್ಲೇನು?" ಎಂದು ಮರುಗಿದರು.

"ಹಿಂದ ಅದ, ಮುತ್ಯಾ."

"ಎತ್ತು ಹಿಂದ ಕಟ್ಟಿ ಬಂಡಿ ಹೂಡ್ಯಾರ? ಭಾಳ ಶಾಣ್ಯಾರ ಇದ್ದಾರ ಬಿಡು."

ಬೆಲೆಯ ಶೇಕಡಾ 18ರಷ್ಟು ಆಜೀವ ತೆರಿಗೆಯನ್ನು ತೆತ್ತು ಕೆಎ-32ರ ಫಲಕವನ್ನು ಧರಿಸಿದ ಈ ಕಾರು ಗಂಟೆಗೆ 290 ಕಿಲೋಮೀಟರು ಓಡಬಲ್ಲದಂತೆ. ನಾನು ಕಂಡಂತೆ ಅದರ ವೇಗವನ್ನು ನಿರ್ಣಯಿಸುವುದು ಮುಂದೆ ಹೋಗುವ ಬೊಲೆರೊ. ಅದರಲ್ಲಿ ಕುಳಿತ ಆಳು ತಗ್ಗುದಿನ್ನೆಗಳನ್ನು ಪರಾಂಬರಿಸಿ ಫೋನಿನಲ್ಲಿ ನಿವೇದಿಸುವನು. ಗುಂಡಿಯೊಂದನ್ನು ಒತ್ತಿದರೆ ಕಾರಿನ ಮೂತಿ ನಾಲ್ಕು ಸೆಂಟಿಮೀಟರು ಮೇಲೇಳುವುದುಂಟು. ಆದರೆ ನಮ್ಮಲ್ಲಿ ಹಂಪು ಹಾಕುವವರು ಜರ್ಮನರ ಅಳತೆಯನ್ನು ವಿಚಾರಿಸಿ ಹಾಕುವುದಿಲ್ಲವಾದ್ದರಿಂದ, ಸಾಮಾನಿನ ಪೆಟ್ಟಿಗೆಯಲ್ಲಿ ಎರಡು ಹಲಗೆಗಳು ಶಾಶ್ವತವಾಗಿ ನೆಲಸಿವೆ. ಹಂಪು ಬಂದೊಡನೆ ಹಲಗೆ ಹಾಸಿ, ಕಾರನ್ನು ಓರೆಯಾಗಿ ತಿರುಗಿಸಿ, ಉಸಿರು ಬಿಗಿಹಿಡಿದು ದಾಟಬೇಕು. ಅಮೋಘವರ್ಷನ ರಾಜಧಾನಿಯಾಗಿದ್ದ ಮಳಖೇಡಕ್ಕೆ ಒಮ್ಮೆ ಅತಿಥಿಯಾಗಿ ಹೊರಟ ನಾನು ದಾರಿಯಲ್ಲಿ ಆರು ಸಲ ಇಳಿದು ಹಲಗೆ ಹಾಸಿದೆನು. ರಾಷ್ಟ್ರಕೂಟರ ಆನೆಗಳು ಈ ದಾರಿಯಲ್ಲಿ ನಮಗಿಂತ ಶೀಘ್ರವಾಗಿ ನಡೆದಿರಬೇಕೆಂಬ ಅನುಮಾನ ನನಗೆ ಕಾಗಿಣಾ ತೀರದಲ್ಲಿ ಉಂಟಾಯಿತು.

ಮನೆಯಲ್ಲಿಯೂ ಅದರ ಶುಶ್ರೂಷೆ ಸಾಮಾನ್ಯವಾದುದಲ್ಲ. ರಾತ್ರಿ ಬಿದ್ದ ಸಿಮೆಂಟಿನ ಧೂಳು ಇಬ್ಬನಿಯಲ್ಲಿ ನೆನೆದು ಬಣ್ಣವನ್ನು ಕಚ್ಚೀತೆಂದು ಹೊದಿಕೆಯ ಮೇಲೊಂದು ಹೊದಿಕೆ; ನಿಂತಲ್ಲೇ ಬ್ಯಾಟರಿ ಇಳಿದೀತೆಂದು, ಎಮ್ಮೆಗೆ ದಾವಣಿ ಕಟ್ಟಿದಂತೆ, ಸದಾ ಚಾರ್ಜರಿನ ತಂತಿ. ಬದಲಿ ಚಕ್ರವೆಂಬುದಿಲ್ಲ, ಹಿಂದಿನ ಟೈರುಗಳು ಮುಂದಿನವಕ್ಕಿಂತ ಅಗಲವಾದ್ದರಿಂದ ಒಂದರದು ಇನ್ನೊಂದಕ್ಕೆ ಆಗದು. ವೈಶಾಖದ ನಡುಹಗಲಿನಲ್ಲಿ ಕರೆಂಟು ಹೋದರೆ ಮನೆಮಂದಿಯೆಲ್ಲ ಬೀಸಣಿಗೆಯನ್ನು ಅರಸುವರು, ಸಣ್ಣ ಸಾಹುಕಾರರು ಕಾರಿನೆಡೆಗೆ ಧಾವಿಸುವರು. ದೃಷ್ಟಿಯಾಗದಿರಲೆಂದು ಅವರ ತಾಯಿ ಮೂತಿಗೆ ಕಟ್ಟಿಸಿದ ಲಿಂಬೆ ಮೆಣಸಿನಕಾಯಿಯ ಸರವು ನೆಲವನ್ನು ಗುಡಿಸುತ್ತ ಹೋಗಿ, ಅಗಸೆ ದಾಟುವಷ್ಟರಲ್ಲಿ ಬರಿಯ ದಾರವಾಗಿ ಉಳಿಯಿತು. "ಅಷ್ಟು ರೊಕ್ಕ ಕೊಟ್ಟೀದಿ, ಇನ್ನೊಂದು ಗೇಣು ಎತ್ತರದ್ದು ಕೊಡಲಿಲ್ಲೇನು?" ಎಂಬ ಆ ತಾಯಿಯ ಪ್ರಶ್ನೆಗೆ ಉತ್ತರವು ಈವರೆಗೆ ದೊರೆತಿಲ್ಲ.

ವರ್ಷಕ್ಕೊಮ್ಮೆ ಸರ್ವಿಸಿಗೆಂದು ಕಾರು ಬೆಂಗಳೂರಿಗೆ ತೆರಳುವುದು. ಓಡಿಕೊಂಡಲ್ಲ, ಲಾರಿಯ ಬೆನ್ನೇರಿ. ಯಜಮಾನರು ವಾಡಿಯಲ್ಲಿ ಉದ್ಯಾನ ಎಕ್ಸ್‌ಪ್ರೆಸ್ ಹಿಡಿದು ಹಿಂಬಾಲಿಸುವರು. ಕಳೆದ ಸಲ ಅವರನ್ನು ಬೀಳ್ಕೊಡಲು ಬೊಲೆರೊದಲ್ಲಿ ನಾನೂ ಕುಳಿತಿದ್ದೆನು. ಮೊದಲ ಹಂಪನ್ನು ಲಾರಿ ಕಾರಿನ ಸಮೇತ ನೇರವಾಗಿ ದಡದಡನೆ ದಾಟಿ ಹೋಯಿತು. ಹಿಂದೆ ಬಂದ ಸಣ್ಣ ಸಾಹುಕಾರರು ಬೊಲೆರೊವನ್ನು ನಿಲ್ಲಿಸಿ, ಮೆಲ್ಲನೆ ಓರೆಯಾಗಿ ತಿರುಗಿಸಿ, ನನ್ನ ಮುಖವನ್ನು ನೋಡಿದರು; ನಾನು ಹಲಗೆಗಾಗಿ ಇಳಿದಾಗಿತ್ತು.