ಗೇಮು ಓಡ್ತದಾ ಮಾವ?

ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಮನೆಗೆ ಹೊಸದೇನಾದರೂ ಬಂದರೆ ಅಕ್ಕಪಕ್ಕದವರು ಕೇಳುವುದು ಎರಡೇ ಮಾತು. ಎಷ್ಟು ಕೊಟ್ರಿ? ಎಷ್ಟು ಕೊಡ್ತದೆ? ಬೈಕಾದರೆ ಲೀಟರಿಗೆ ಇಷ್ಟು ಕಿಲೋಮೀಟರ್, ಹಸುವಾದರೆ ಹೊತ್ತಿಗೆ ಇಷ್ಟು ಲೀಟರ್ ಎಂದು ಹೇಳಿ ಪಾರಾಗಬಹುದು. ಲ್ಯಾಪ್‌ಟಾಪು ಬಂದಾಗ ಮೊದಲನೆಯದಕ್ಕೆ ಉತ್ತರವಿತ್ತು, ಎರಡನೆಯದಕ್ಕೆ ಇರಲಿಲ್ಲ. ಆ ಖಾಲಿ ಜಾಗಕ್ಕೆ ಮನೆಯ ಹುಡುಗರು ತಮ್ಮದೇ ಪ್ರಶ್ನೆಯನ್ನು ತಂದು ಕೂರಿಸಿದರು: ಗೇಮು ಓಡ್ತದಾ?

ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಸಂಬಳ ಎಣಿಸಿಕೊಂಡವನು ನಾನು. ಆ ಒಂದೇ ಅರ್ಹತೆಯ ಮೇಲೆ ಬಂಧುಬಳಗದಲ್ಲಿ ನನಗೆ ತಜ್ಞನ ಪಟ್ಟ ಸಿಕ್ಕಿದೆ. 2020ರ ಆರಂಭದಲ್ಲಿ ಸರ್ಕಾರ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಮಕ್ಕಳಿಗೆ ಉಚಿತವಾಗಿ ಲ್ಯಾಪ್‌ಟಾಪ್ ಹಂಚಿತು. ಅದರ ಬೆನ್ನಿಗೇ ಲಾಕ್‌ಡೌನ್ ಬಂತು. ಕೈಯಲ್ಲಿ ಲ್ಯಾಪ್‌ಟಾಪು, ಕಾಲೇಜಿಗೆ ಬೀಗ! ಕೆ.ಆರ್. ನಗರದ ಷಡ್ಡಕನ ಮಗನಿಂದ ಹಿಡಿದು ಎಚ್.ಡಿ. ಕೋಟೆಯ ಗೆಳೆಯನ ಮಗಳವರೆಗೆ ಎಲ್ಲರೂ ಫೋನ್ ಮಾಡಿದರು. ಪಾಠದ ಬಗ್ಗೆ ಒಬ್ಬರೂ ಕೇಳಲಿಲ್ಲ ಅನ್ನುವುದನ್ನು ಇಲ್ಲಿ ಬರೆದಿಡುತ್ತೇನೆ.

ಪಿರಿಯಾಪಟ್ಟಣ ತಾಲ್ಲೂಕಿನ ನನ್ನ ಅಕ್ಕನ ಮಗ ಮಾತ್ರ ದುಡ್ಡು ಕೊಟ್ಟೇ ಲ್ಯಾಪ್‌ಟಾಪು ತಂದ. ಕಂಪಲಾಪುರದ ಹರಾಜು ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ಬೇಲು ಮಾರಿ ಬಂದ ಭಾವ, ಮನಸ್ಸು ಮೆತ್ತಗಿದ್ದ ಗಳಿಗೆಯಲ್ಲಿ ಒಪ್ಪಿಕೊಂಡುಬಿಟ್ಟಿದ್ದರು. ಇಂಟೆಲ್ ಐ3, ಹನ್ನೊಂದನೇ ತಲೆಮಾರು, 8 ಜಿಬಿ ರ‍್ಯಾಮು. ಮಾರಿದ ಅಂಗಡಿಯವನು 'ಎಲ್ಲಾ ಓಡುತ್ತೆ ಸಾರ್' ಅಂದಿದ್ದನಂತೆ. ಹುಡುಗ ಹಾಕಬೇಕೆಂದಿದ್ದದ್ದು ಕಾರು ಓಡಿಸಿಕೊಂಡು ಊರು ಸುತ್ತುವ ಆಟ, ಜಿಟಿಎ 5.

ಕಂಪ್ಯೂಟರಿಗೆ ಈ ಆಟ ಬಂದದ್ದು 2015ರಲ್ಲಿ. ಅದು ಕನಿಷ್ಠ 4 ಜಿಬಿ ರ‍್ಯಾಮು, 1 ಜಿಬಿ ಸ್ವಂತ ಮೆಮೊರಿ ಇರುವ ಗ್ರಾಫಿಕ್ಸ್ ಕಾರ್ಡು, ಡಿಸ್ಕಿನಲ್ಲಿ 65 ಜಿಬಿ ಜಾಗ ಕೇಳಿತ್ತು. ಅಗ್ಗದ ಲ್ಯಾಪ್‌ಟಾಪಿನಲ್ಲಿ ಎಡವಟ್ಟಾಗುವುದು ಆ 'ಸ್ವಂತ' ಅನ್ನುವ ಕಡೆಯೇ. ಅದರ ಗ್ರಾಫಿಕ್ಸಿಗೆ ಸ್ವಂತ ಆಸ್ತಿಯಿಲ್ಲ. ಪ್ರೊಸೆಸರಿನ ಜೊತೆ ಒಂದೇ ಚಿಪ್ಪಿನಲ್ಲಿ ಒಕ್ಕಲಿದ್ದುಕೊಂಡು, ಬೇಕಾದ ಮೆಮೊರಿಯನ್ನು ರ‍್ಯಾಮಿನಿಂದ ಕೈಗಡ ತರುತ್ತದೆ. ಬೇರೆ ಕಾರ್ಡಿರುವ ಲ್ಯಾಪ್‌ಟಾಪು ಬೇಕೆಂದರೆ ಬೆಲೆ ಇನ್ನೂ ಎಷ್ಟೋ ಮೇಲಕ್ಕೆ ಹೋಗುತ್ತಿತ್ತು. ಆ ಅಂಕಿಯನ್ನು ಭಾವನ ಕಿವಿಗೆ ಹಾಕುವ ಧೈರ್ಯ ಹುಡುಗನಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಆದರೂ ಆಟ ಓಡಿತು. ಮೊದಲು ಪರದೆಯ ರೆಸಲ್ಯೂಶನ್ನನ್ನು 720ಕ್ಕೆ ಇಳಿಸಿದೆವು. ಹುಲ್ಲು ತೆಗೆದೆವು, ನೀರಿನ ಹೊಳಪು ತೆಗೆದೆವು, ನೆರಳು ತೆಗೆಯುವಷ್ಟೂ ತೆಗೆದೆವು. ಅಕ್ಕನ ಅತ್ತೆ ಪಕ್ಕದಲ್ಲೇ ಎಲೆಅಡಿಕೆ ಹಾಕಿಕೊಳ್ಳುತ್ತಾ ನೋಡುತ್ತಿದ್ದವರು, 'ನೆಳ್ಳೇ ಕಾಣ್ದಲ್ಲಾ, ಕಾಲು ಹಿಂದುಮುಂದಾಗೈತಾ ನೋಡ್ಲಾ ಮಗಾ' ಅಂದರು. ದೆವ್ವವೋ ಮನುಷ್ಯನೋ, ಅಂತೂ ಸೆಕೆಂಡಿಗೆ ಮೂವತ್ತರ ಮೇಲೆ ಚಿತ್ರಗಳು ಬಿದ್ದವು. ಸಿನಿಮಾಗೆ ಇಪ್ಪತ್ನಾಲ್ಕು ಸಾಕು. ಕೈಯಾಡಿಸುವ ಆಟಕ್ಕೆ ಮೂವತ್ತಾದರೂ ಬೇಕು, ಅರವತ್ತಾದರೆ ಹಬ್ಬ. ನಾನು ಗೆದ್ದೆನೆಂದುಕೊಂಡು ಹುಣಸೂರಿನ ಬಸ್ಸು ಹತ್ತಿದೆ.

ರಾತ್ರಿ ಫೋನು ಬಂತು. 'ಮಾವ, ಶುರುನಲ್ಲಿ ಚೆನ್ನಾಗೇ ಓಡ್ತದೆ. ಅರ್ಧ ಗಂಟೆ ಆದ್ಮೇಲೆ ಕಾರು ಕುಂಟ್ತದೆ.' ವೈರಸ್ ಇರಬಹುದು ಅಂದೆ. ತಜ್ಞನಾದವನು ಗೊತ್ತಾಗದ ಕಡೆ ಹೇಳಬೇಕಾದ ಮಾತು ಅದು.

ರೋಗ ಪತ್ತೆ ಮಾಡಿದವರು ಭಾವ. ಲ್ಯಾಪ್‌ಟಾಪು ತೆರೆಯಲೂ ಬಾರದ ಮನುಷ್ಯ! ಅದು ಸೊಪ್ಪು ಬೇಯಿಸುವ ಕಾಲ. ವರ್ಜೀನಿಯಾ ಹೊಗೆಸೊಪ್ಪನ್ನು ಬ್ಯಾರನ್ನಿಗೆ, ಅಂದರೆ ಬೇಯಿಸುವ ಮನೆಗೆ, ಏರಿಸಿದ ಮೇಲೆ ವಾರದ ಹತ್ತಿರ ಹಗಲೂ ರಾತ್ರಿ ಕಾಯಬೇಕು. ಮೂವತ್ತೈದು ಡಿಗ್ರಿಯ ಆಸುಪಾಸಿನಲ್ಲಿ ಎಲೆ ಹಳದಿಗೆ ತಿರುಗಬೇಕು, ಆಮೇಲೆ ಹಂತ ಹಂತವಾಗಿ ಶಾಖ ಏರಿಸಿ ಎಪ್ಪತ್ತರ ಹತ್ತಿರ ನಡುದಂಟು ಒಣಗಿಸಬೇಕು. ಬೆಂಕಿ ಜಾಸ್ತಿಯಾದರೆ ಕಪ್ಪು, ಗಾಳಿಕಿಂಡಿ ತೆರೆಯುವುದು ತಡವಾದರೂ ಕೆಟ್ಟ ಬಣ್ಣ. ಎರಡಕ್ಕೂ ಹರಾಜಿನಲ್ಲಿ ಶಿಕ್ಷೆಯುಂಟು. ರಾತ್ರಿ ಪಾಳಿಗೆ ಬಂದ ಮಗ ಒಲೆಬಾಯಿಯ ಹತ್ತಿರ ಗೋಣಿಚೀಲ ಹಾಸಿ, ಅದರ ಮೇಲೆ ಲ್ಯಾಪ್‌ಟಾಪಿಟ್ಟು ಆಡುತ್ತಿದ್ದ. ಭಾವ ಅದರ ಮೈಮುಟ್ಟಿ ನೋಡಿ ಕೇಳಿದ್ದು ಒಂದೇ ಮಾತು: 'ಇದಕ್ಕೆ ಗಾಳಿಕಿಂಡಿ ಎಲ್ಲೈತ್ಲಾ?'

ಮಗುಚಿ ನೋಡಿದರೆ ಹೊಟ್ಟೆಯಡಿಯಲ್ಲಿ ಸಾಲುಕಿಂಡಿ. ಅದನ್ನು ಗೋಣಿಚೀಲ ಮುಚ್ಚಿಹಾಕಿತ್ತು.

ಪ್ರೊಸೆಸರು ನೂರು ಡಿಗ್ರಿಯ ಹತ್ತಿರ ಹೋದರೆ ಸುಟ್ಟುಕೊಳ್ಳುವ ಬದಲು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಹೊಸ ಲ್ಯಾಪ್‌ಟಾಪಿನಲ್ಲಿ ಮೊದಲ ಅರ್ಧ ಗಂಟೆಯ ಆಟ ನೋಡಿ 'ಓಡ್ತದೆ' ಅಂದವರೆಲ್ಲ ಸುಳ್ಳು ಸಾಕ್ಷಿಗಳು. ಕರೆಂಟು ಹೋಗಿ ಬ್ಯಾಟರಿಯ ಮೇಲೆ ಬಿದ್ದರೂ ಅದೇ ಕುಂಟು, ಶಕ್ತಿ ಉಳಿಸಲು ಅದು ನಿಧಾನವಾಗುತ್ತದೆ. ನಮ್ಮ ನಾಲ್ಕೂ ತಾಲ್ಲೂಕಿನಲ್ಲಿ ಚಾರ್ಜರಿಗಿಂತ ಬ್ಯಾಟರಿಯ ಮೇಲೆ ಲೆಕ್ಕ ಹಾಕುವುದೇ ಮೇಲು.

ಭಾವ ಹಳೇ ಹಲಗೆಗೆ ಎರಡು ಪಟ್ಟಿ ಹೊಡೆದು, ಬೆರಳು ತೂರುವಷ್ಟು ಸಂದು ಬಿಟ್ಟು ಒಂದು ಪೀಠ ಮಾಡಿಕೊಟ್ಟರು. ಪೇಟೆಯಲ್ಲಿ ಕೂಲಿಂಗ್ ಪ್ಯಾಡ್ ಎಂದು ಮಾರುವುದರ ಅರ್ಧ ಕೆಲಸವನ್ನು ಆ ಹಲಗೆ ಬಿಟ್ಟಿಯಾಗಿ ಮಾಡಿತು. ವೇಗದ ಪಾಲಿಗೆ ನಾನು ಇನ್ನೊಂದು 8 ಜಿಬಿ ರ‍್ಯಾಮು ಕೊಡಿಸಿದೆ. ರ‍್ಯಾಮು ಒಂಟಿಯಾಗಿದ್ದರೆ ಕೈಗಡದ ಗ್ರಾಫಿಕ್ಸಿಗೆ ಒಂದೇ ದಾರಿ, ಜೋಡಿಯಾದರೆ ಎರಡು ದಾರಿ. ಪ್ರೊಸೆಸರಿನ ಹೆಸರು ನೋಡಿ ಮರುಳಾಗುವವರು ಇದನ್ನು ಕೇಳುವುದೇ ಇಲ್ಲ.

ಹುಡುಗ ಈಗ ಫಾರ್ಮಿಂಗ್ ಸಿಮ್ಯುಲೇಟರ್ ಹಿಂದೆ ಬಿದ್ದಿದ್ದಾನೆ. ಹೊಲ ಉಳುವ ಆಟ. ಮನೆ ಹಿಂದೆ ಉಳದೆ ಬಿದ್ದಿರುವ ನೆಲವಿರುವಾಗ ಇದನ್ನು ವಿವರಿಸುವ ಕಷ್ಟ ನನ್ನ ಪಾಲಿಗೆ ಬಂತು.

'ಹೊಗೆಸೊಪ್ಪು ಬೆಳೀತಾರಾ ಅದ್ರಲ್ಲಿ?' ಭಾವ ಕೇಳಿದರು.

'ಇಲ್ಲ. ಗೋಧಿ, ಜೋಳ, ಆಲೂಗಡ್ಡೆ.'

'ರೇಟು ಬೀಳ್ತದಾ?'

'ಬೀಳ್ತದೆ.'

'ಹಂಗಾದ್ರೆ ನಿಜವಾದ್ದೇ ಬುಡು.'

2021ರಲ್ಲಿ ಬಂದ ಅದರ ಆವೃತ್ತಿಯೇ ಕನಿಷ್ಠ 8 ಜಿಬಿ ರ‍್ಯಾಮಿನ ಜೊತೆಗೆ 2 ಜಿಬಿಯ ಸ್ವಂತ ಗ್ರಾಫಿಕ್ಸ್ ಕಾರ್ಡು ಕೇಳುತ್ತದೆ. ಟ್ರ್ಯಾಕ್ಟರು ಓಡುತ್ತದೆ, ಎತ್ತಿನ ವೇಗದಲ್ಲಿ.

ಆದ್ದರಿಂದ ಫೋನ್ ಮಾಡುವ ಬಂಧುಗಳಿಗೆ ನನ್ನ ತೀರ್ಪು ಇಷ್ಟು. ಹತ್ತು ವರ್ಷ ಹಿಂದಿನ ಆಟವಾದರೆ ಧಾರಾಳವಾಗಿ ಹಾಕಿ, ನೆರಳು ತೆಗೆಯಿರಿ, ಹಾಸಿಗೆಯ ಮೇಲೆ ಇಡಬೇಡಿ. ಈ ವರ್ಷದ ಆಟವಾದರೆ ಇನ್ನೊಬ್ಬರು ಆಡುವುದನ್ನು ಮೊಬೈಲಿನಲ್ಲಿ ನೋಡಿ. ದುಡ್ಡಿದ್ದರೆ ಮೊದಲು ರ‍್ಯಾಮು ಹಾಕಿಸಿ. ಇನ್ನು ಜಿಟಿಎ ವೈಸ್ ಸಿಟಿ ಕಂಪ್ಯೂಟರಿಗೆ ಬಂದದ್ದು 2003ರಲ್ಲಿ, ಕೇಳುವುದು 128 ಎಂಬಿ ರ‍್ಯಾಮು ಮಾತ್ರ. ಅದು ಯಾರ ಲ್ಯಾಪ್‌ಟಾಪಿನಲ್ಲಾದರೂ ಓಡುತ್ತದೆ. ಅದಕ್ಕಾಗಿ ದಯವಿಟ್ಟು ಫೋನ್ ಮಾಡಬೇಡಿ.